ಏಳನೆಯದು ಓದಿದ್ಯಾ?

ಅವಳ ಕೆಲಸ ಹಲ್ಲು ಕಟ್ಟುವುದು. ಹಾಗೆಂದು ಅವಳು ಹಲ್ಲಿನ ಡಾಕ್ಟರಲ್ಲ. ಡಾಕ್ಟರ ಮುಂದೆ ಬಾಯಿ ತೆರೆದು ಕೂರುವವರ ಮುಖವನ್ನು ಅವಳು ನೋಡುವುದೂ ಇಲ್ಲ. ಹದಿನಾಲ್ಕು ಕ್ಲಿನಿಕ್ಕುಗಳಿಂದ ಬಾಯಿಯ ಅಚ್ಚುಗಳು ಡಬ್ಬಿಗಳಲ್ಲಿ ಬರುತ್ತವೆ. ಜೊತೆಗೊಂದು ಚೀಟಿ: ಕ್ಲಿನಿಕ್ಕಿನ ಮುದ್ರೆ, ಒಂದು ನಂಬರು, ಎಷ್ಟನೆಯ ಹಲ್ಲು, ಯಾವ ಬಣ್ಣ, ಯಾವತ್ತಿಗೆ ಬೇಕು, ಅಷ್ಟೇ. ಹೆಸರಿರುವುದಿಲ್ಲ. ಅಚ್ಚಿಗೆ ಪ್ಲಾಸ್ಟರು ಹುಯ್ದು, ಒಣಗಿದ ಮೇಲೆ ಬಿಡಿಸಿದರೆ ಯಾರದೋ ದವಡೆ ಬೆಳ್ಳಗೆ ಎದ್ದು ಬರುತ್ತದೆ. ಅದರ ಮೇಲೆ ಮೇಣದಲ್ಲಿ ಒಸಡು ಕಟ್ಟಿ, ಒಂದೊಂದೇ ಹಲ್ಲು ನೆಟ್ಟು, ಬಾಯಿಯ ಹಾಗೆ ತೆರೆದು ಮುಚ್ಚುವ ಹಿತ್ತಾಳೆಯ ಚೌಕಟ್ಟಿಗೆ ಕೂರಿಸಿ, ಮೇಲಿನದು ಕೆಳಗಿನದಕ್ಕೆ ಸರಿಯಾಗಿ ಕಚ್ಚುತ್ತದೋ ಇಲ್ಲವೋ ನೋಡುವುದು ಅವಳ ಪಾಲಿನ ಕೆಲಸ. ಇಪ್ಪತ್ತಾರು ವರ್ಷದಿಂದ ಅದನ್ನೇ ಮಾಡುತ್ತಿದ್ದಾಳೆ. ಬಸ್ಸಿನಲ್ಲಿ ಎದುರಿಗೆ ಕೂತವರು ನಕ್ಕರೆ ಮುಖ ನೋಡುವುದಿಲ್ಲ, ಮೇಲಿನ ಸಾಲು ನೋಡುತ್ತಾಳೆ.

ಈ ಕೆಲಸದಲ್ಲಿ ಕಾಯುವುದು ಬಹಳ. ಪ್ಲಾಸ್ಟರು ಗಟ್ಟಿಯಾಗಲು ಮುಕ್ಕಾಲು ಗಂಟೆ, ಬಿಸಿನೀರಿನಲ್ಲಿ ಅಚ್ಚು ಬೇಯಲು ಎರಡು ಗಂಟೆ, ಆರಲು ಇನ್ನಷ್ಟು. ಆ ಹೊತ್ತಿನಲ್ಲಿ ಪಕ್ಕದ ಮೇಜಿನವರು ಫೋನು ನೋಡುತ್ತಾರೆ, ಅವಳು ಪುಸ್ತಕ ತೆಗೆಯುತ್ತಾಳೆ. ಕೈಗೆ ಯಾವಾಗಲೂ ಬಿಳಿ ಪುಡಿ ಅಂಟಿರುವುದರಿಂದ ಅವಳ ಪುಸ್ತಕಗಳ ಮೂಲೆಗಳೆಲ್ಲ ಸುಣ್ಣ ಬಳಿದ ಗೋಡೆಯ ಹಾಗೆ.

ಅವಳು ಹೆಚ್ಚು ಓದಿದ್ದು, ತಿರುತಿರುಗಿ ಓದಿದ್ದು ಒಂದೇ ಕಥೆಯನ್ನು. ‘ಕಲ್ಲುದೋಣಿ’ ಅಂತ ಅದರ ಹೆಸರು. ಏಳು ಸಂಪುಟಗಳ ಕಟ್ಟುಕಥೆ. ಇಟ್ಟಿಗೆಯಷ್ಟು ದಪ್ಪ ಒಂದೊಂದೂ. ಸಾವಿರ ದ್ವೀಪಗಳ ಕಡಲಿನಲ್ಲಿ ಕಲ್ಲಿನಿಂದ ಕಡೆದ ಒಂದು ದೋಣಿ. ಅದರ ಮೇಲೆ ಕೂತವರು ಯಾರೂ ಸುಳ್ಳು ಹೇಳದಿರುವಷ್ಟು ಕಾಲ ಅದು ತೇಲುತ್ತದೆ. ಒಂದು ಸುಳ್ಳು ಬಿದ್ದರೆ ಮುಳುಗುತ್ತದೆ. ದೋಣಿ ನಡೆಸುವವಳು ಒಬ್ಬ ಹುಡುಗಿ, ಕಥೆ ಸಾಗಿದಂತೆ ದೊಡ್ಡವಳಾಗುತ್ತಾಳೆ. ಜೊತೆಗೊಬ್ಬ ಮುದುಕ ನಕ್ಷೆಗಾರ. ಯಾವ ನಕ್ಷೆಯಲ್ಲೂ ಇಲ್ಲದ ಒಂದು ದ್ವೀಪವನ್ನು ಹುಡುಕಿಕೊಂಡು ಅವರು ಹೊರಟಿರುತ್ತಾರೆ. ಎರಡನೆಯ ಸಂಪುಟದಲ್ಲಿ ಒಬ್ಬ ರಾಜಕುಮಾರ ‘ನನಗೆ ಭಯವಿಲ್ಲ’ ಅಂದದ್ದಕ್ಕೇ ದೋಣಿಗೆ ಮೊಣಕಾಲುಮಟ್ಟ ನೀರು ನುಗ್ಗಿತ್ತು.

ಮೊದಲ ಸಂಪುಟವನ್ನು ಮನೆಗೆ ತಂದವನು ಅವಳ ತಮ್ಮ. ಅವಳಿಗಿಂತ ಐದು ವರ್ಷ ಚಿಕ್ಕವನು, ಜಮೀನು ಅಳೆಯುವ ಸರ್ವೇಯರು. ಕೈಯಲ್ಲಿ ಪೆನ್ಸಿಲ್ಲಿದ್ದರೆ ಎಲ್ಲೆಂದರಲ್ಲಿ ಗೀಚುವ ಚಟ ಚಿಕ್ಕಂದಿನಿಂದಲೂ ಇದ್ದದ್ದರಿಂದ ಮನೆಯವರೆಲ್ಲ ‘ಗೀಚ’ ಎಂದೇ ಕರೆಯುತ್ತಿದ್ದರು. ಇಬ್ಬರಿಗೂ ಒಂದೇ ಪ್ರತಿ. ಮೊದಲು ಅವನು ಓದಿ ಅಂಚಿನಲ್ಲಿ ಗೀಚುತ್ತಿದ್ದ, ಆಮೇಲೆ ಅವಳು ಓದಿ ಅವನ ಗೀಚಿನ ಕೆಳಗೆ ಉತ್ತರ ಬರೆಯುತ್ತಿದ್ದಳು. ‘ಈ ದ್ವೀಪದಿಂದ ಆ ದ್ವೀಪಕ್ಕೆ ಎರಡು ದಿನ ಆಗಲ್ಲ, ನಕ್ಷೆ ನೋಡು’ ಎಂದು ಅವನು. ‘ಗಾಳಿ ಎದುರಿಗಿತ್ತು, ಪುಟ ೧೧೨ ನೋಡು’ ಎಂದು ಇವಳು. ಎರಡು ಮೂರು ವರ್ಷಕ್ಕೊಂದು ಸಂಪುಟ ಬರುತ್ತಿತ್ತು. ಇವಳಿಗೆ ಮದುವೆಯಾಯಿತು, ಅವನಿಗೂ ಆಯಿತು, ಮನೆಗಳು ಬೇರೆಯಾದವು. ಪುಸ್ತಕ ಮಾತ್ರ ಊರಿನ ಈ ತುದಿಯಿಂದ ಆ ತುದಿಗೆ ಚೀಲದಲ್ಲಿ ಓಡಾಡುತ್ತಲೇ ಇತ್ತು. ಐದನೆಯ ಸಂಪುಟದವರೆಗೆ ಹೀಗೇ ನಡೆಯಿತು.

ಆರನೆಯದು ಬರುವ ಹಿಂದಿನ ವರ್ಷ ಅವರ ತಾಯಿ ಕಾಯಿಲೆ ಬಿದ್ದಳು. ಹೊಟ್ಟೆಯದು. ಡಾಕ್ಟರು ಮಕ್ಕಳಿಬ್ಬರನ್ನೂ ಪಕ್ಕದ ಕೋಣೆಗೆ ಕರೆದು, ಇನ್ನು ಹೆಚ್ಚೆಂದರೆ ನಾಲ್ಕು ತಿಂಗಳು ಎಂದರು. ಅಮ್ಮನಿಗೆ ಹೇಳುವುದು ಬೇಡ ಎಂದು ಅಲ್ಲೇ ಮಾತಾಯಿತು. ಮಾತಾಡಿದ್ದು ಇವಳು, ಅವನು ಹೂಂ ಎಂದಿದ್ದನೋ ಸುಮ್ಮನಿದ್ದನೋ, ಆಮೇಲೆ ಇಬ್ಬರೂ ಒಂದೊಂದು ಥರ ಹೇಳಿದರು. ಇವಳು ದಿನವೂ ಅಮ್ಮನ ಪಕ್ಕ ಕೂತು, ‘ಹುಣ್ಣು ಅಷ್ಟೇ, ಮುಂದಿನ ತಿಂಗಳು ಎದ್ದು ಓಡಾಡ್ತೀಯಾ’ ಅನ್ನುತ್ತಿದ್ದಳು. ಐದನೆಯ ವಾರ ತಮ್ಮ ಅಮ್ಮನಿಗೆ ಎಲ್ಲವನ್ನೂ ಹೇಳಿಬಿಟ್ಟ. ಅದಾದ ಇಪ್ಪತ್ತೆರಡು ದಿನಕ್ಕೆ ಅಮ್ಮ ತೀರಿಕೊಂಡಳು. ಆಸ್ಪತ್ರೆಯ ಮೆಟ್ಟಿಲ ಮೇಲೆ, ನಾಲ್ಕು ಜನ ನೆಂಟರ ಎದುರಿಗೆ, ಇವಳು ಅವನಿಗೆ ಅಂದಳು: “ಅಮ್ಮನ್ನ ತಿಂದಿದ್ದು ಕಾಯಿಲೆ ಅಲ್ಲ, ನಿನ್ನ ಬಾಯಿ.”

ಮಾತು ಆಡಿದರೆ ಹೋಯಿತು ಅನ್ನುತ್ತಾರೆ. ಆ ಒಂದು ಮಾತು ಒಂಬತ್ತು ವರ್ಷ ತಿಂದಿತು. ಈ ನಡುವೆ ನೆಂಟರ ಮನೆಗಳಲ್ಲಿ ಮೂರು ಸಲ ಎದುರಾದರು. ‘ಚೆನ್ನಾಗಿದ್ದೀಯಾ’, ‘ಹೂಂ’. ಅಲ್ಲಿಗೆ ಮುಗಿಯಿತು. ಆರನೆಯ ಸಂಪುಟ ಬಂದಾಗ ಅವಳು ತನ್ನದೇ ಒಂದು ಪ್ರತಿ ಕೊಂಡು ಓದಿದಳು. ಅಂಚುಗಳೆಲ್ಲ ಖಾಲಿ. ಕಥೆ ಚೆನ್ನಾಗಿತ್ತೋ ಇಲ್ಲವೋ ಎಂದು ಅವಳಿಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ.

ಏಳನೆಯದು, ಅಂದರೆ ಕೊನೆಯದು, ಬರಲು ಎಂಟು ವರ್ಷ ಹಿಡಿಯಿತು. ಬಂದಾಗ ಒಂಬೈನೂರು ಪುಟ. ಅವಳ ಗಂಡ, ಬಸ್ ಡ್ರೈವರು, ಅದನ್ನು ಒಂದು ಕೈಯಲ್ಲಿ ತೂಗಿ ನೋಡಿ, “ಇಳಿಜಾರಲ್ಲಿ ಬಸ್ಸು ನಿಲ್ಲಿಸಿದಾಗ ಚಕ್ರಕ್ಕೆ ಕೊಡೋಕೆ ಲಾಯಕ್ಕು” ಅಂದ. ಅವಳು ಅದನ್ನು ದಿನಾ ಚೀಲದಲ್ಲಿ ಹೊತ್ತು ಲ್ಯಾಬಿಗೆ ಒಯ್ದಳು. ಮೂರು ತಿಂಗಳು ಹಿಡಿಯಿತು. ಅವಸರ ಮಾಡಲಿಲ್ಲ, ಇಪ್ಪತ್ತೊಂದು ವರ್ಷ ಕಾದವಳಿಗೆ ಅವಸರ ಎಲ್ಲಿಯದು.

ಮೊದಲ ಮುನ್ನೂರು ಪುಟ ಬರೀ ಯುದ್ಧ. ಅವಳಿಗೆ ಬೇಸರವಾಯಿತು. ಯಾವ ಹಡಗು ಯಾವ ಕಡೆಯಿಂದ ಬಂತು, ಎಷ್ಟು ಜನ ಸತ್ತರು. ಲೇಖಕನಿಗೆ ಎಂಟು ವರ್ಷ ಇದನ್ನೇ ಎಣಿಸುವುದಾಯಿತೇನೋ ಅನ್ನಿಸಿತು. ಮೂರನೆಯ ಸಂಪುಟದಲ್ಲಿ ಉಪ್ಪಿನ ವ್ಯಾಪಾರಿಯೊಬ್ಬಳು ‘ಮತ್ತೆ ಬರುತ್ತೇನೆ’ ಅಂದು ಹೋಗಿದ್ದಳು. ದೋಣಿಯ ಮೇಲೆ ನಿಂತು ಆಡಿದ ಮಾತು ಅದು, ಸುಳ್ಳಾಗಿರಲು ಸಾಧ್ಯವಿಲ್ಲ. ಆದರೆ ಅವಳು ಬರಲೇ ಇಲ್ಲ. ಲೇಖಕ ಮರೆತಿದ್ದ. ಕೊನೆಯ ಅಧ್ಯಾಯದಲ್ಲಿ ಬದುಕುಳಿದವರಿಗೆಲ್ಲ ಒಂದೊಂದು ಜೋಡಿ, ಒಂದೊಂದು ಮನೆ, ಎರಡೆರಡು ಮಕ್ಕಳು. ಅದೂ ಅವಳಿಗೆ ಹಿಡಿಸಲಿಲ್ಲ. ಇಷ್ಟು ದಿನ ಕಡಲಿನಲ್ಲಿದ್ದವರಿಗೆ ಮನೆಯಲ್ಲಿ ನಿದ್ದೆ ಹೇಗೆ ಬರುತ್ತದೆ ಎಂದು ಒಂದು ಸಾಲಾದರೂ ಬರೆಯಬಾರದಿತ್ತೇ.

ಆದರೆ ಇವೆಲ್ಲ ಸಣ್ಣ ತಕರಾರುಗಳು. ಎಂಟುನೂರ ಹದಿನಾರನೆಯ ಪುಟದಲ್ಲಿ ನಡೆದದ್ದೇ ಬೇರೆ. ನಕ್ಷೆಗಾರ ಸಾಯುತ್ತಿದ್ದಾನೆ. ಕಣ್ಣು ಮಂಜಾಗಿದೆ. ದೋಣಿಯ ಅಂಚಿಗೆ ಒರಗಿ ಕೇಳುತ್ತಾನೆ: ದಡ ಕಾಣ್ತಿದೆಯಾ? ಸುತ್ತ ನೀರು ಬಿಟ್ಟರೆ ಏನೂ ಇಲ್ಲ. ಚುಕ್ಕಾಣಿ ಹಿಡಿದವಳು ಅನ್ನುತ್ತಾಳೆ: ಕಾಣ್ತಿದೆ. ನಕ್ಷೆಗಾರ ಕಣ್ಣು ಮುಚ್ಚುತ್ತಾನೆ. ದೋಣಿ ಮುಳುಗುವುದಿಲ್ಲ. ಯಾಕೆ ಮುಳುಗಲಿಲ್ಲ ಎಂದು ಲೇಖಕ ಒಂದಕ್ಷರ ಹೇಳುವುದಿಲ್ಲ.

ಅದನ್ನು ಅವಳು ಓದಿದ್ದು ಲ್ಯಾಬಿನಲ್ಲಿ, ಊಟದ ಹೊತ್ತಿಗೆ. ಪುಸ್ತಕ ಮುಚ್ಚಿಟ್ಟಳು. ಸಿಟ್ಟು ಬಂತು. ಆರು ಸಂಪುಟ ಕಟ್ಟಿದ ನಿಯಮವನ್ನು ಏಳನೆಯದರಲ್ಲಿ ಲೇಖಕನೇ ಮುರಿದುಹಾಕಿದ ಅನ್ನಿಸಿತು. ಮಧ್ಯಾಹ್ನವೆಲ್ಲ ಕಟ್ಟಿದ ಹಲ್ಲು ಉಜ್ಜುತ್ತ ಅದನ್ನೇ ತಿರುವಿಹಾಕಿದಳು. ಸಂಜೆ ಬಸ್ಸಿನಲ್ಲಿ ಮತ್ತೆ ಪುಸ್ತಕ ತೆಗೆದು ನಾಲ್ಕು ಪುಟ ಹಿಂದಕ್ಕೆ ಹೋದಳು. ಅಲ್ಲಿ ಒಂದು ಸಾಲಿತ್ತು; ಮೊದಲ ಸಲ ಕಣ್ಣು ಜಾರಿತ್ತು. ದಡ ಕಾಣ್ತಿದೆಯಾ ಎಂದು ಕೇಳುವ ಮೊದಲೇ ನಕ್ಷೆಗಾರ ತನ್ನ ನಕ್ಷೆಯನ್ನು ಮಡಿಸಿ, ದಾರ ಸುತ್ತಿ, ಪೆಟ್ಟಿಗೆಯೊಳಗೆ ಇಟ್ಟಿದ್ದ. ಆರು ಸಂಪುಟಗಳಲ್ಲಿ ಅವನು ನಕ್ಷೆ ಮಡಿಸಿದ್ದೇ ಇಲ್ಲ, ಮಲಗುವಾಗಲೂ ಎದೆಯ ಮೇಲೆ ಬಿಡಿಸಿಕೊಂಡಿರುತ್ತಿದ್ದ. ಅಂದರೆ ದಡ ಇಲ್ಲ ಅನ್ನುವುದು ಅವನಿಗೆ ಗೊತ್ತಿತ್ತು. ಗೊತ್ತಿದ್ದೇ ಕೇಳಿದ. ಚುಕ್ಕಾಣಿ ಹಿಡಿದವಳಿಗೂ ಅವನಿಗೆ ಗೊತ್ತಿದೆ ಅನ್ನುವುದು ಗೊತ್ತಿತ್ತು. ಇಬ್ಬರಿಗೂ ಗೊತ್ತಿರುವಾಗ ಮೋಸ ಹೋದವರು ಯಾರು? ಯಾರೂ ಮೋಸ ಹೋಗದ ಮೇಲೆ ಅದು ಸುಳ್ಳು ಹೇಗಾಗುತ್ತದೆ?

ಅವಳು ಇಳಿಯಬೇಕಾದ ಸ್ಟಾಪು ದಾಟಿ ಎರಡು ಸ್ಟಾಪು ಮುಂದೆ ಹೋಗಿದ್ದಳು. ನಡೆದುಕೊಂಡು ವಾಪಸು ಬರುವಾಗ ಅವಳಿಗೆ ಇದ್ದದ್ದು ಒಂದೇ ಆಸೆ: ಇದನ್ನು ಯಾರಿಗಾದರೂ ಹೇಳಬೇಕು. ಆದರೆ ಇದನ್ನು ಹೇಳಿದರೆ ಅರ್ಥವಾಗುವವನು ಊರಿನಲ್ಲಿ ಒಬ್ಬನೇ ಇದ್ದ.

“ಫೋನ್ ಮಾಡು,” ಅಂದ ಗಂಡ.

“ನಾನ್ಯಾಕೆ ಮಾಡ್ಲಿ?”

“ಹಾಗಾದ್ರೆ ನಂಗೆ ಹೇಳು.”

ಹೇಳಿದಳು. ಅವನು ಷೂ ಬಿಚ್ಚುತ್ತ ಪೂರ್ತಿ ಕೇಳಿಸಿಕೊಂಡ. “ಸುಳ್ಳು ಹೇಳಿದ್ರೆ ನಿಂತುಹೋಗೋ ಬಸ್ಸಾಗಿದ್ರೆ ನಮ್ಮದು ಡಿಪೋ ಗೇಟೇ ದಾಟ್ತಿರ್ಲಿಲ್ಲ,” ಎಂದು ಹೇಳಿ ಸ್ನಾನಕ್ಕೆ ಹೋದ. ಒಳ್ಳೆಯ ಮನುಷ್ಯ, ಆದರೆ ಈ ವಿಷಯಕ್ಕೆ ಆಗಿಬರುವವನಲ್ಲ.

ಇದಾಗಿ ಹತ್ತು ದಿನಕ್ಕೆ ಒಂದು ಅಚ್ಚು ಬಂತು. ಕೆಳಗಿನ ದವಡೆಯ ಎಡಭಾಗದಲ್ಲಿ ಎರಡು ಹಲ್ಲಿಲ್ಲ, ಆರನೆಯದು ಮತ್ತು ಏಳನೆಯದು. ತೆಗೆದು ಮತ್ತೆ ಹಾಕಿಕೊಳ್ಳುವಂಥ ಸಣ್ಣ ಹಲ್ಲುಸೆಟ್ಟು ಬೇಕು ಎಂದು ಚೀಟಿಯಲ್ಲಿತ್ತು. ಕಚ್ಚುವಿಕೆ ಹೊಂದಿಸಲು ಮೇಲಿನ ದವಡೆಯ ಅಚ್ಚನ್ನೂ ಕಳಿಸಿದ್ದರು. ಅವಳು ಎರಡಕ್ಕೂ ಪ್ಲಾಸ್ಟರು ಹುಯ್ದು, ಬೇರೆ ಕೆಲಸ ಮುಗಿಸಿ, ಬಂದು ಬಿಡಿಸಿದಳು. ಮೇಲಿನ ದವಡೆ ಕೈಗೆ ಬಂದಾಗ ಹಾಗೇ ನಿಂತಳು.

ಮುಂದಿನ ಹಲ್ಲಿನ ಒಂದು ಮೂಲೆ ಮುರಿದಿತ್ತು. ಅದರ ಪಕ್ಕದ ಹಲ್ಲು, ನೆರೆಮನೆಯ ಜಗಳಕ್ಕೆ ಕಿವಿ ಕೊಟ್ಟವರ ಹಾಗೆ, ಅಡ್ಡಕ್ಕೆ ತಿರುಗಿತ್ತು. ಆ ಮೂಲೆ ಮುರಿದವಳು ಅವಳೇ. ಅವನಿಗೆ ಎಂಟು ವರ್ಷ, ಅವಳಿಗೆ ಹದಿಮೂರು. ಅವನು ಆ ಕಡೆಯಿಂದ ಇಣುಕುತ್ತಿದ್ದಾಗ ಈ ಕಡೆಯಿಂದ ಬಾಗಿಲು ದೂಡಿದ್ದಳು. ಸಾವಿರಾರು ಬಾಯಿ ನೋಡಿದ ಕಣ್ಣು ಅದು; ಇದೊಂದರಲ್ಲಿ ತಪ್ಪುವ ಹಾಗಿರಲಿಲ್ಲ.

ಪ್ಲಾಸ್ಟರಿನ ತಮ್ಮನನ್ನು ಮೇಜಿನ ಮೇಲಿಟ್ಟುಕೊಂಡು ಸ್ವಲ್ಪ ಹೊತ್ತು ಕೂತಳು. ಬಲಗಡೆಯ ದವಡೆ ಹಲ್ಲುಗಳು ಸವೆದಿದ್ದವು. ಎಡಗಡೆ ಹಲ್ಲಿಲ್ಲದೆ ಬಹಳ ಕಾಲ ಒಂದೇ ಕಡೆ ಅಗಿದಿದ್ದಾನೆ. ತುದಿಗಳು ಚಪ್ಪಟೆಯಾಗಿದ್ದವು, ನಿದ್ದೆಯಲ್ಲಿ ಹಲ್ಲು ಕಡಿಯುತ್ತಾನೆ. ಅಮ್ಮನೂ ಕಡಿಯುತ್ತಿದ್ದಳು. ನಲವತ್ತಾರಕ್ಕೇ ಎರಡು ಹಲ್ಲು ಹೋಗಿವೆ, ಹೆಂಡತಿ ಹೇಳಿದರೂ ಡಾಕ್ಟರ ಹತ್ತಿರ ಹೋಗಿರಲಿಕ್ಕಿಲ್ಲ, ಹೆದರುಪುಕ್ಕಲ. ಹೀಗೆ ಒಂಬತ್ತು ವರ್ಷದ ಸುದ್ದಿಯೆಲ್ಲ ಒಂದು ದವಡೆಯಲ್ಲಿ ಸಿಕ್ಕಿತು.

ಆ ಎರಡು ಹಲ್ಲುಗಳಿಗೆ ಅವಳು ಪಟ್ಟ ಪಾಡು ಪೂರ್ತಿ ಸೆಟ್ಟಿಗೂ ಪಟ್ಟಿರಲಿಲ್ಲ. ಮೇಣದಲ್ಲಿ ಮೂರು ಸಲ ಕಟ್ಟಿ ಮೂರು ಸಲ ಕಿತ್ತಳು. ಹಿಡಿದುಕೊಳ್ಳುವ ತಂತಿ ನಾಲಗೆಗೆ ಚುಚ್ಚದ ಹಾಗೆ ಬಾಗಿಸಿದಳು. ಎಲ್ಲ ಮುಗಿದು, ಹೊಳಪು ಕೊಟ್ಟು, ಒದ್ದೆ ಹತ್ತಿಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟಳು. ಚೀಟಿಯ ಮೇಲೆ ‘ಸಿದ್ಧ’ ಎಂದು ಬರೆದು ಸಹಿ ಹಾಕಬೇಕು. ಸಹಿ ಹಾಕಿದಳು. ಪೆನ್ನು ಎತ್ತಲಿಲ್ಲ. ಸಹಿಯ ಕೆಳಗೆ ಬರೆದಳು: ‘ಏಳನೆಯದು ಓದಿದ್ಯಾ?’ ಡಬ್ಬಿ ಮುಚ್ಚಿ, ಹೊರಡಲು ಸಿದ್ಧವಾಗಿದ್ದ ಬುಟ್ಟಿಯಲ್ಲಿ ಹಾಕಿ, ಕೈ ತೊಳೆದುಕೊಂಡಳು.

ಎರಡು ದಿನ ಬಿಟ್ಟು ಲ್ಯಾಬಿನ ಮಾಲೀಕ ಅವಳನ್ನು ಕರೆದ. ವಯಸ್ಸಾದ ಮನುಷ್ಯ, ಬೈಯುವಾಗ ಕನ್ನಡಕ ತೆಗೆಯುತ್ತಾನೆ. ತೆಗೆದಿದ್ದ.

“ಏನಮ್ಮಾ ಇದು? ಡಾಕ್ಟರು ಫೋನ್ ಮಾಡಿದ್ರು. ಏಳನೇ ಹಲ್ಲಿನ ಎಕ್ಸ್‌ರೇಲಿ ಏನೋ ಇದೆ, ಓದಿದ್ಯಾ ಅಂತ ಲ್ಯಾಬಿನವರು ಕೇಳಿದಾರೆ, ಏನದು ಅಂತ ಕೇಳ್ತಿದಾರೆ. ಅರ್ಧ ಗಂಟೆ ಎಕ್ಸ್‌ರೇ ನೋಡಿದ್ರಂತೆ. ಅಲ್ಲಿ ಏಳನೇ ಹಲ್ಲೇ ಇಲ್ಲ.”

“ಅದು ಡಾಕ್ಟರಿಗೆ ಬರೆದಿದ್ದಲ್ಲ ಸಾರ್.”

“ಅದೂ ಹೇಳಿದ್ರು. ಇಪ್ಪತ್ತು ವರ್ಷದ ಪ್ರಾಕ್ಟೀಸು, ನನ್ನನ್ನ ಏಕವಚನದಲ್ಲಿ ಮಾತಾಡ್ಸೋದಾ ಅಂತ. ಮತ್ತೆ ಯಾರಿಗೆ ಬರೆದಿದ್ದು?”

“ಹಲ್ಲಿನವನಿಗೆ.”

ಮಾಲೀಕ ಕನ್ನಡಕ ಹಾಕಿಕೊಂಡು ಅವಳನ್ನು ನೋಡಿದ. ಇಪ್ಪತ್ತಾರು ವರ್ಷದಲ್ಲಿ ಒಂದು ದಿನ ತಡವಾಗಿ ಬಂದವಳಲ್ಲ, ಒಂದು ಸೆಟ್ಟು ವಾಪಸು ಬಂದದ್ದಿಲ್ಲ. ಇನ್ನು ಮುಂದೆ ಚೀಟಿಯ ಮೇಲೆ ಪತ್ರ ಬರೆಯಬೇಡ ಎಂದಷ್ಟೇ ಹೇಳಿ ಕಳಿಸಿದ.

ಮರುದಿನ ಹನ್ನೊಂದು ಗಂಟೆಗೆ ತಮ್ಮ ಬಂದ. ಡಬ್ಬಿಗಳನ್ನು ಕೊಟ್ಟು ತೆಗೆದುಕೊಳ್ಳುವ ಮುಂದಿನ ಕೋಣೆಯಲ್ಲಿ ನಿಂತಿದ್ದ. ತಲೆ ಅರ್ಧ ಬೆಳ್ಳಗಾಗಿತ್ತು. ಮಾಲೀಕ, ಇದು ದೂರು ಹೇಳಲು ಬಂದ ಪೇಷಂಟು ಎಂದು ತಿಳಿದು, “ಚುಚ್ಚುತ್ತಾ?” ಎಂದು ಕೇಳುತ್ತಿದ್ದ. ಅವಳು ಏಪ್ರನ್ನಿಗೆ ಕೈ ಒರೆಸುತ್ತ ಬಾಗಿಲಿಗೆ ಬಂದಳು.

“ಇನ್ನೂ ಓದಿಲ್ಲ,” ಅಂದ ತಮ್ಮ.

ಒಂಬತ್ತು ವರ್ಷದಲ್ಲಿ ‘ಚೆನ್ನಾಗಿದ್ದೀಯಾ’, ‘ಹೂಂ’ ಬಿಟ್ಟರೆ ಆಡಿದ ಮೊದಲ ಮಾತು ಅದು. “ಪುಸ್ತಕ ಬಂದು ನಾಲ್ಕು ತಿಂಗಳಾಯ್ತು.”

“ಬಂದ ದಿನವೇ ತಗೊಂಡೆ. ಮೇಲಿನ ಪ್ಲಾಸ್ಟಿಕ್ ಕೂಡ ಹರಿದಿಲ್ಲ.”

“ಯಾಕೆ?”

“ಓದಿ ಯಾರ ಹತ್ರ ಜಗಳ ಆಡ್ಲಿ?”

ಹೊರಗೆ ಮೆಟ್ಟಿಲ ಮೇಲೆ ಕೂತರು. ಚೀಟಿಯ ಕಥೆಯನ್ನು ಅವನು ಹೇಳಿದ. ಕುರ್ಚಿಯಲ್ಲಿ ಒರಗಿಸಿ, ಬಾಯಿ ತುಂಬ ಹತ್ತಿ ತುರುಕಿ, ಡಾಕ್ಟರು ಚೀಟಿಯನ್ನು ಮತ್ತೊಮ್ಮೆ ನೋಡಿ ತಮ್ಮಷ್ಟಕ್ಕೆ ತಾವು ಗಟ್ಟಿಯಾಗಿ ಓದಿಕೊಂಡರಂತೆ. ‘ಏಳನೆಯದು ಓದಿದ್ಯಾ.’ ನಗು ಬಂದು ಹತ್ತಿ ಗಂಟಲಿಗೆ ಸಿಕ್ಕಿಕೊಂಡಿತಂತೆ. ನರ್ಸು ಬೆನ್ನಿಗೆ ಗುದ್ದಿದಳಂತೆ. ಎದ್ದು ಚೀಟಿ ಇಸಿದುಕೊಂಡು ನೋಡಿದರೆ, ಬಾಲ ಉದ್ದ ಎಳೆದ ಆ ‘ಳ’ ಯಾರದು ಎಂದು ಕೇಳಬೇಕಾಗಿರಲಿಲ್ಲ.

“ಹಲ್ಲು ಹೇಗಿದೆ?” ಅಂದಳು.

“ಇದೆ ಅನ್ನೋದೇ ಗೊತ್ತಾಗಲ್ಲ.”

“ಏಳನೆಯದರ ಕೊನೇಲಿ...”

“ಹೇಳ್ಬೇಡ,” ಎಂದು ಅವನು ಎದ್ದೇಬಿಟ್ಟ. “ಒಂದಕ್ಷರ ಹೇಳ್ಬೇಡ. ಮೂರು ವಾರ ಕೊಡು.”

ಆ ಮೂರು ವಾರ ಅವಳಿಗೆ ಎಂಟು ವರ್ಷಕ್ಕಿಂತ ಉದ್ದವಾಯಿತು. ನಡುನಡುವೆ ಅವನ ಮೆಸೇಜು ಬರುತ್ತಿತ್ತು: ‘ಪುಟ ೯೦. ಇನ್ನೂ ಯುದ್ಧ.’ ‘ಪುಟ ೨೪೦. ಯುದ್ಧವೇ. ಹಡಗುಗಳ ಲೆಕ್ಕ ತಪ್ಪಿದೆ, ಮೂರು ಹಡಗು ಎರಡು ಸಲ ಮುಳುಗಿವೆ.’ ‘ಪುಟ ೫೦೦. ಉಪ್ಪಿನವಳು ಎಲ್ಲಿ?’ ಆಮೇಲೆ ನಾಲ್ಕು ದಿನ ಏನೂ ಇಲ್ಲ. ಐದನೆಯ ದಿನ: ‘ಮುಗೀತು. ಶನಿವಾರ ಬಾ. ಲೈಬ್ರರಿ ಹಿಂದಿನ ಪಾರ್ಕು, ಮೂರು ಗಂಟೆ.’

ಅವಳು ಎರಡೂಮುಕ್ಕಾಲಿಗೇ ಹೋದಳು. ಅವನು ಆಗಲೇ ಬೆಂಚಿನ ಮೇಲೆ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಅಂಚುಗಳಲ್ಲೆಲ್ಲ ಪೆನ್ಸಿಲ್ಲು ಓಡಾಡಿತ್ತು.

“ಮೋಸ,” ಅಂದ, ಅವಳು ಕೂರುವ ಮೊದಲೇ. “ಎಂಟುನೂರ ಹದಿನಾರನೇ ಪುಟ. ಬರೀ ಮೋಸ. ಸುಳ್ಳು ಹೇಳಿದ್ರೆ ಮುಳುಗತ್ತೆ ಅಂತ ಆರು ಪುಸ್ತಕ ಹೇಳಿ, ಇಲ್ಲಿ ಬೇಕಾಯ್ತು ಅಂತ ತೇಲಿಸ್ಬಿಟ್ಟ. ನಿಯಮ ಮಾಡಿದವನೇ ಮುರಿದ್ರೆ ಆಟ ಆಡೋದು ಯಾಕೆ?”

“ನಾಲ್ಕು ಪುಟ ಹಿಂದೆ ನೋಡು.”

“ನೋಡಿದೀನಿ.”

“ನಕ್ಷೆ ಮಡಿಸಿಟ್ಟ.”

“ಅದಕ್ಕೇನೀಗ? ಸಾಯ್ತಿದಾನೆ, ಮಡಿಸಿಟ್ಟ.”

“ಅವನು ಯಾವತ್ತಾದ್ರೂ ಮಡಿಸಿದ್ನಾ? ದಡ ಇಲ್ಲ ಅಂತ ಗೊತ್ತಿದ್ದೇ ಕೇಳಿದ್ದು ಕಣೋ. ಗೊತ್ತಿದ್ದವನಿಗೆ ಹೇಳಿದ್ದು ಸುಳ್ಳು ಹೇಗಾಗತ್ತೆ?”

ಅವನು ಪುಟ ತಿರುಗಿಸಿ ಆ ಸಾಲನ್ನು ಓದಿದ. ಇನ್ನೊಮ್ಮೆ ಓದಿದ. ಜಮೀನಿನ ಹಳೆಯ ನಕ್ಷೆಯಲ್ಲಿ ಗಡಿಕಲ್ಲು ಹುಡುಕುವವರ ಹಾಗೆ ಬೆರಳಿಟ್ಟು ಓದಿದ.

“ಸುಳ್ಳು ಸುಳ್ಳೇ,” ಅಂದ. ಆದರೆ ಮೊದಲಿನ ಬಿರುಸಿರಲಿಲ್ಲ. ಪುಸ್ತಕ ಮುಚ್ಚಿದ. ಎದುರಿನ ಹುಲ್ಲಿನ ಮೇಲೆ ಇಬ್ಬರು ಮುದುಕರು ಕೈ ಬೀಸಿಕೊಂಡು ನಡೆಯುತ್ತಿದ್ದರು. ಅವರು ಒಂದು ಸುತ್ತು ಮುಗಿಸಿ ಮತ್ತೆ ಎದುರಿಗೆ ಬರುವಷ್ಟು ಹೊತ್ತಾದ ಮೇಲೆ ಅವನು ಅಂದ: “ಅಮ್ಮಂಗೂ ಗೊತ್ತಿತ್ತು ಅಕ್ಕ.”

ಅವಳು ಅವನ ಕಡೆ ತಿರುಗಿದಳು.

“ನಾನಾಗಿ ಹೇಳಿದ್ದಲ್ಲ. ಒಂದಿನ ಮಧ್ಯಾಹ್ನ ಕರೆದು ಬಾಗಿಲು ಹಾಕು ಅಂದ್ಲು. ‘ಇನ್ನೆಷ್ಟು ದಿನ ಅಂದ್ರು’ ಅಂತ ಕೇಳಿದ್ಲು. ಇದೆಯಾ ಇಲ್ವಾ ಅಂತ ಕೇಳ್ಲಿಲ್ಲ, ಎಷ್ಟು ಅಂತ ಕೇಳಿದ್ಲು. ಆ ಹೊತ್ತಿಗೆ ತನ್ನ ಬೀರು ವಿಂಗಡಿಸಿ ಇಟ್ಟಿದ್ಲು. ಬಟ್ಟೆ ಯಾರ್ಯಾರಿಗೆ ಅಂತ ಗಂಟು ಕಟ್ಟಿ ಚೀಟಿ ಇಟ್ಟಿದ್ಲು. ನಾನೇನು ಹೇಳ್ಲಿ? ನಾಲ್ಕು ತಿಂಗಳು ಅಂದಿದ್ರು, ಒಂದು ಆಗೋಗಿದೆ ಅಂದೆ.”

“ಮತ್ತೆ ನಾನು ಹೋಗಿ ದಿನಾ ಮುಂದಿನ ತಿಂಗಳು ಎದ್ದು ಓಡಾಡ್ತೀಯಾ ಅಂತಿದ್ದಾಗ...”

“‘ಅವಳು ಹಾಗೇ ಹೇಳ್ಲಿ ಬಿಡು, ಅವಳಿಗೆ ಅದು ಬೇಕು’ ಅಂದ್ಲು.”

ಅವಳಿಗೆ ಮುಖಕ್ಕೆ ಹೊಡೆದ ಹಾಗಾಯಿತು. ಅಮ್ಮನನ್ನು ತಾನು ಕಾಪಾಡುತ್ತಿದ್ದೇನೆ ಎಂದುಕೊಂಡಿದ್ದಳು. ದಿನವೂ ಬಾಗಿಲ ಹೊರಗೆ ಒಂದು ಕ್ಷಣ ನಿಂತು, ಮುಖ ಸರಿಮಾಡಿಕೊಂಡು ಒಳಗೆ ಹೋಗುತ್ತಿದ್ದಳು. ಒಳಗೆ ಮಲಗಿದ್ದವಳೂ ಹೆಜ್ಜೆಯ ಸದ್ದು ಕೇಳಿ ಮುಖ ಸರಿಮಾಡಿಕೊಳ್ಳುತ್ತಿದ್ದಳು ಎಂದಾಯಿತು.

“ಇದನ್ನ ನಂಗೆ ಯಾಕೆ ಹೇಳ್ಲಿಲ್ಲ?”

“ಹೇಳೋಕೆ ಬಿಟ್ಯಾ? ಮೆಟ್ಟಿಲ ಮೇಲೆ ಅಷ್ಟು ಜನರ ಮುಂದೆ ಅಂದ್ಯಲ್ಲ. ಅದಾದ್ಮೇಲೆ ನಾನು ಬಂದು ಹೇಳಿದ್ರೆ, ತನ್ನ ತಪ್ಪು ಮುಚ್ಕೊಳ್ಳೋಕೆ ಕಥೆ ಕಟ್ತಿದಾನೆ ಅಂತಿದ್ದೆ.”

“ಅಂತಿದ್ದೆ,” ಎಂದು ಅವಳು ಒಪ್ಪಿಕೊಂಡಳು. ಆದರೂ ಸಿಟ್ಟು ಇಳಿಯಲಿಲ್ಲ. “ಒಂಬತ್ತು ವರ್ಷದಲ್ಲಿ ಒಂದಿನ ಬಿಡುವಾಗ್ಲಿಲ್ವಾ ನಿಂಗೆ?”

“ನಿಂಗಾಯ್ತಾ?”

ಅವಳು ಚೀಲ ಎತ್ತಿಕೊಂಡು ಹೊರಟುಬಿಟ್ಟಳು. ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿ ಕೂತಳು. ಮನೆಗೆ ಬಂದು ಗಂಡನಿಗೆ ಹೇಳಿದಳು. ಅವನು ಈ ಸಲ ತಮಾಷೆ ಮಾಡಲಿಲ್ಲ. “ನಿಮ್ಮಮ್ಮ ಗಟ್ಟಿ ಹೆಂಗಸು,” ಅಂದ ಅಷ್ಟೇ.

ಮೂರು ದಿನ ಅವಳು ಯಾರೊಂದಿಗೂ ಹೆಚ್ಚು ಮಾತಾಡಲಿಲ್ಲ. ಮೊದಲ ದಿನ ತಮ್ಮನ ಮೇಲೆ ಸಿಟ್ಟು. ಎರಡನೆಯ ದಿನ ಅಮ್ಮನ ಮೇಲೆ: ಮಗನನ್ನು ಕರೆದು ಬಾಗಿಲು ಹಾಕಿಸಿದವಳು ಮಗಳನ್ನು ಯಾಕೆ ಕರೆಯಲಿಲ್ಲ? ಜೊತೆಗೆ ಒಂದು ಅನುಮಾನವೂ ಹುಟ್ಟಿಕೊಂಡಿತು. ಇದೂ ಅವನು ಸಮಾಧಾನಕ್ಕೆ ಹೇಳಿದ್ದಿರಬಹುದೇ? ಮೂರನೆಯ ದಿನ ಒಂದು ಸೆಟ್ಟಿಗೆ ಹಲ್ಲು ನೆಡುತ್ತಿದ್ದಾಗ ಬೀರು ನೆನಪಾಯಿತು. ಅಮ್ಮ ತೀರಿಕೊಂಡ ವಾರ ಅವಳು ಬೀರು ತೆಗೆದಾಗ ಒಳಗೆ ಗಂಟುಗಳಿದ್ದವು, ಒಂದೊಂದಕ್ಕೂ ಚೀಟಿ ಅಂಟಿಸಿತ್ತು. ತಮ್ಮನ ಹೆಂಡತಿ ಬೇಗ ಬೇಗ ಎಲ್ಲ ಹಂಚಿಬಿಡಲು ಕಟ್ಟಿಟ್ಟಿದ್ದಾಳೆ ಎಂದುಕೊಂಡು ಅವಳ ಮೇಲೂ ಸಿಟ್ಟು ಇಟ್ಟುಕೊಂಡಿದ್ದಳು. ಚೀಟಿಯ ಅಕ್ಷರ ಯಾರದು ಎಂದು ನೋಡುವಷ್ಟು ತಾಳ್ಮೆ ಆಗ ಇರಲಿಲ್ಲ. ತನ್ನ ಪಾಲಿಗೆ ಬಂದ ಗಂಟನ್ನು ಬಿಚ್ಚದೆ ಮಂಚದ ಕೆಳಗೆ ತಳ್ಳಿದ್ದಳು. ಅದು ಇನ್ನೂ ಅಲ್ಲೇ ಇತ್ತು.

ಸಂಜೆ ಮನೆಗೆ ಬಂದು ಗಂಟನ್ನು ಎಳೆದಳು. ಧೂಳು ಝಾಡಿಸಿದಳು. ಚೀಟಿಯ ಅಂಟು ಒಣಗಿತ್ತು, ಕೈಗೆ ಬಂತು. ಅಮ್ಮನ ಅಕ್ಷರ, ನಡುಗುವ ಕೈಯದು: ‘ದೊಡ್ಡವಳಿಗೆ. ಕಂದು ಸ್ವೆಟರಿನ ಗುಂಡಿ ಬಿಗಿ ಮಾಡಿಸಿಕೊ.’ ಒಳಗೆ ಎರಡು ಶಾಲು, ಒಂದು ಕಂದು ಸ್ವೆಟರು, ಬಿಚ್ಚಿದ ಉಣ್ಣೆಯ ಉಂಡೆಗಳು. ಬೇರೆ ಪತ್ರ ಗಿತ್ರ ಏನೂ ಇರಲಿಲ್ಲ. ಅವಳು ಹಾಸಿಗೆಯ ಮೇಲೆ ಕೂತು ಸ್ವಲ್ಪ ಅತ್ತಳು. ಆಮೇಲೆ ಸೂಜಿ ದಾರ ತಂದು ಗುಂಡಿ ಹೊಲಿದಳು. ಗಂಡ ಬಾಗಿಲಲ್ಲಿ ನಿಂತು ನೋಡಿ, ಒಳಗೆ ಹೋಗಿ ಅನ್ನಕ್ಕಿಟ್ಟ.

ತಮ್ಮನಿಗೆ ಅವಳು ಕ್ಷಮೆ ಕೇಳಲಿಲ್ಲ. ಅಂಥ ಮಾತು ಆ ಮನೆತನದಲ್ಲಿ ಯಾರ ಬಾಯಲ್ಲೂ ಬಂದದ್ದಿಲ್ಲ. ಫೋನು ಮಾಡಿ, “ಗಂಟು ಬಿಚ್ಚಿದೆ,” ಅಂದಳು. ಆ ಕಡೆಯಿಂದ ಅವನು, “ನಂಗೆ ಅಪ್ಪನ ಟೋಪಿ ಬಂದಿತ್ತು, ತಲೆಗೆ ಹಿಡಿಸಲ್ಲ,” ಅಂದ. ಭಾನುವಾರ ಮನೆಗೆ ಬಾ ಎಂದಳು. ಹೆಂಡತಿಯನ್ನೂ ಕರೆದುಕೊಂಡು ಬಂದ. ತಮ್ಮನ ಹೆಂಡತಿಯ ಎದುರಿಗೆ ಅವಳಿಗೆ ಸ್ವಲ್ಪ ಮುಜುಗರವಾಯಿತು. ಬಡಿಸುವಾಗ ಎರಡು ಸಲ ಹೆಚ್ಚಿಗೆ ಬಡಿಸಿದಳು.

ಊಟವಾದ ಮೇಲೆ ಮತ್ತೆ ಏಳನೆಯ ಸಂಪುಟದ ಜಗಳ ಶುರುವಾಯಿತು. ನಕ್ಷೆ ಮಡಿಸಿದ ಮಾತನ್ನು ಅವನು ಅರ್ಧ ಒಪ್ಪಿದ. ಆದರೆ ಲೇಖಕನಿಗೆ ಅದು ಗೊತ್ತಿದ್ದೇ ಬರೆದನೋ, ಕೈತಪ್ಪಿ ಬಿತ್ತೋ ಅನ್ನುವುದು ಅವನ ಹೊಸ ತಕರಾರು. “ಮೂರು ಹಡಗನ್ನ ಎರಡು ಸಲ ಮುಳುಗಿಸಿದವನು ಅಷ್ಟು ಯೋಚಿಸಿ ಬರೆದಿರ್ತಾನಾ?” ಎಂದು ಕೇಳಿದ. ಉಪ್ಪಿನ ವ್ಯಾಪಾರಿಯ ವಿಷಯದಲ್ಲಿ ಮಾತ್ರ ಇಬ್ಬರದೂ ಒಂದೇ ಮಾತು: ಅದು ಬರೀ ಮರೆವು, ಅದಕ್ಕೆ ಕ್ಷಮೆಯಿಲ್ಲ. ಪ್ರಕಾಶಕರಿಗೆ ಒಂದು ಪತ್ರ ಬರೆಯುವುದೆಂದಾಯಿತು. ಅವನು ದ್ವೀಪಗಳ ದೂರದ ಲೆಕ್ಕ ತಪ್ಪಿದ ಕಡೆಗಳ ಪಟ್ಟಿ ಮಾಡಿದ, ನಾಲ್ಕು ಹಾಳೆಯಾಯಿತು. ಅವಳು ಉಪ್ಪಿನವಳ ಬಗ್ಗೆ ಒಂದು ಪುಟ ಬರೆದಳು. ಕಳಿಸಿ ಆರು ತಿಂಗಳಾಯಿತು. ಉತ್ತರ ಬಂದಿಲ್ಲ.

ಈಗ ಅವರು ಓದಲು ಬೇರೆ ಕಥೆ ಹುಡುಕುತ್ತಿದ್ದಾರೆ. ತಮ್ಮನದು ಒಂದೇ ಷರತ್ತು, ಎಲ್ಲ ಸಂಪುಟಗಳೂ ಆಗಲೇ ಬಂದು ಮುಗಿದಿರಬೇಕು. “ಕಾಯೋಕೆ ನಮಗೂ ವಯಸ್ಸಾಯ್ತು,” ಅನ್ನುತ್ತಾನೆ. ಅವಳದು ಇನ್ನೊಂದು, ಯುದ್ಧ ನೂರು ಪುಟ ದಾಟಬಾರದು. ಹೋದ ಶನಿವಾರ ಲೈಬ್ರರಿಯವಳು ಮೂರು ಸರಣಿಗಳನ್ನು ಮೇಜಿನ ಮೇಲೆ ಜೋಡಿಸಿದಳು. ಅವನು ಒಂದೊಂದರ ಮೊದಲ ಪುಟದ ನಕ್ಷೆಯನ್ನು ನೋಡುತ್ತಿದ್ದ, ಇವಳು ಒಂದೊಂದರ ಕೊನೆಯ ಪುಟವನ್ನು. ಕೊನೆಯ ಪುಟ ಮೊದಲು ಓದುವವರ ಜೊತೆ ತನಗೆ ಯಾವ ವ್ಯವಹಾರವೂ ಬೇಡ ಎಂದು ಅವನು ಎದ್ದ. ಅವಳು ಅವನ ತೋಳು ಹಿಡಿದು ಕೂರಿಸಿದಳು. ಲೈಬ್ರರಿ ಮುಚ್ಚುವ ಹೊತ್ತಾದರೂ ಯಾವುದು ಎಂದು ತೀರ್ಮಾನವಾಗಿರಲಿಲ್ಲ.